ಗಿಟಾರು ಸಿಂಥಸೈಜರಿನಲ್ಲಿ ಅನುರಣನದ ಪ್ರಶ್ನೆ

ಮೀಟಿದ ತಂತಿಯ ನಾದವು ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಕೊಳಲನ್ನು ಊದುವವನಿಗೆ ಉಸಿರೂ, ಪಿಟೀಲನ್ನು ನುಡಿಸುವವನಿಗೆ ಕಮಾನೂ ನಾದವನ್ನು ಬೇಕಾದಷ್ಟು ಹೊತ್ತು ಪೋಷಿಸುವ ಸಾಧನಗಳಾಗಿವೆ. ಮೀಟಿ ನುಡಿಸುವವನಿಗೆ ಅಂತಹ ಸಾಧನವೊಂದೂ ಇಲ್ಲ. ಬೆರಳಾಗಲಿ ಉಗುರಾಗಲಿ ಒಂದು ಸಲ ತಂತಿಗೆ ಕೊಟ್ಟ ಶಕ್ತಿಯೇ ಅದರ ಮೂಲಧನ. ಆ ಧನವು ಕುದುರೆಯ ಮೂಲಕ ಮರಕ್ಕೂ, ಮರದಿಂದ ಗಾಳಿಗೂ, ಲೋಹದ ಒಳಗಿನ ಘರ್ಷಣದಿಂದ ಉಷ್ಣಕ್ಕೂ ವ್ಯಯವಾಗಿ ಕೆಲವೇ ಕ್ಷಣಗಳಲ್ಲಿ ತೀರುವುದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಸ್ವರದ ಲಕ್ಷಣವನ್ನು ಹೇಳುವಾಗ, ಶ್ರುತಿಯ ಬಳಿಕ ಉಳಿದು ನಿಲ್ಲುವ ಅನುರಣನವನ್ನೇ ಮುಖ್ಯವಾಗಿ ಗ್ರಹಿಸಿದ್ದಾನೆ. ಅವನ ಮತದಂತೆ ಆಘಾತವು ಸ್ವರವಲ್ಲ. ಆಘಾತದ ಹಿಂದೆ ಬರುವ ಗುಂಗೇ ಸ್ವರ. ಪಾಶ್ಚಾತ್ಯ ವಾದಕರು ಸಸ್ಟೇನ್ ಎಂದು ಕರೆಯುವ ಗುಣವೂ ಹೆಚ್ಚುಕಡಮೆ ಇದೇ ಆದಕಾರಣ, ಈ ಲೇಖನದಲ್ಲಿ ಅದನ್ನು ಅನುರಣನವೆಂಬ ಶಬ್ದದಿಂದಲೇ ನಿರ್ದೇಶಿಸಲಾಗಿದೆ.

ಕ್ರಿ. ಶ. 1970ರ ದಶಕದಲ್ಲಿ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಗಿಟಾರನ್ನು ಸಿಂಥಸೈಜರೆಂಬ ವಿದ್ಯುನ್ಮಾನ ಸ್ವರಯಂತ್ರದೊಡನೆ ಕೂಡಿಸುವ ಪ್ರಯತ್ನಗಳು ನಡೆದುವು. ಈ ಸಂಯೋಗದ ವಿಷಯದಲ್ಲಿ ಸಾಮಾನ್ಯವಾಗಿ ಪ್ರಚಾರದಲ್ಲಿರುವ ಅಭಿಪ್ರಾಯವು ಹೀಗಿದೆ: ಸಿಂಥಸೈಜರಿನ ಸ್ವರವು ವಿದ್ಯುದಾಂದೋಲಕದಿಂದ ಹುಟ್ಟುವಂಥದು, ಆಂದೋಲಕಕ್ಕೆ ದಣಿವಿಲ್ಲ, ವಿದ್ಯುತ್ತು ಇರುವವರೆಗೂ ಅದು ನುಡಿಯುತ್ತಲೇ ಇರಬಲ್ಲುದು, ಆದುದರಿಂದ ಗಿಟಾರಿಗೆ ಸಿಂಥಸೈಜರನ್ನು ಜೋಡಿಸಿದೊಡನೆಯೇ ತಂತಿಯ ಅಲ್ಪಾಯುಷ್ಯವೆಂಬ ದೋಷವು ಪರಿಹಾರವಾಯಿತು. ಕೇಳುವುದಕ್ಕೆ ಈ ವಾದವು ಯುಕ್ತಿಯುಕ್ತವಾಗಿಯೇ ತೋರುವುದು. ಆದರೆ ಆ ಯಂತ್ರಗಳ ರಚನೆಯನ್ನೂ ಚರಿತ್ರೆಯನ್ನೂ ಪರಿಶೀಲಿಸಿದವರಿಗೆ ಸಂಗತಿಯು ಇದಕ್ಕೆ ವಿಪರೀತವಾಗಿ ಕಾಣುವುದು. ಸಿಂಥಸೈಜರನ್ನು ಕೂಡಿದ ಗಿಟಾರು ಬರಿಯ ಗಿಟಾರಿಗಿಂತಲೂ ಹೆಚ್ಚಾಗಿ ತಂತಿಯ ಕಂಪನವನ್ನೇ ಆಶ್ರಯಿಸಿತು. ಬರಿಯ ಗಿಟಾರಿನ ಗುಂಗು ಇನ್ನೂ ಕಿವಿಗೆ ಬೀಳುತ್ತಿರುವಾಗಲೇ ಅದರ ಸ್ವರವು ತಟ್ಟನೆ ಕಡಿದುಹೋಗುತ್ತಿದ್ದಿತು. ಇದು ಏಕೆ ಹೀಗಾಯಿತು, ಇದಕ್ಕೆ ಯಾವ ಯಾವ ಪರಿಹಾರಗಳು ಕಲ್ಪಿಸಲ್ಪಟ್ಟುವು, ಅವುಗಳಲ್ಲಿ ಯಾವುದು ಗ್ರಾಹ್ಯ ಎಂಬುದೇ ಪ್ರಕೃತ ವಿಚಾರ.

ಬರಿಯ ಗಿಟಾರಿನಲ್ಲಿ ಅನುರಣನವನ್ನು ಬೆಳೆಯಿಸುವ ಉದ್ಯಮವು ಇದಕ್ಕಿಂತ ನಾಲ್ಕು ದಶಕಗಳಷ್ಟು ಹಳೆಯದು. ಜಾರ್ಜ್ ಬೋಶಾಂ ಎಂಬವನು 1931ರ ಸುಮಾರಿನಲ್ಲಿ ರೂಪಿಸಿ, 1937ರಲ್ಲಿ ಹಕ್ಕುಪತ್ರವನ್ನು ಪಡೆದ, ಬಾಣಲೆಯೆಂಬ ಅಡ್ಡಹೆಸರಿನ ಅಲ್ಯೂಮಿನಿಯಮ್ ವಿದ್ಯುದ್ಗಿಟಾರು ಹವಾಯಿ ಶೈಲಿಯ ವಾದ್ಯವಾಗಿದ್ದಿತು. ಆ ಶೈಲಿಯಲ್ಲಿ ಉಕ್ಕಿನ ಕಡ್ಡಿಯನ್ನು ತಂತಿಯ ಮೇಲೆ ಜಾರಿಸುತ್ತ ಸ್ವರದಿಂದ ಸ್ವರಕ್ಕೆ ಹೋಗುವರು. ಜಾರುವಷ್ಟು ಹೊತ್ತೂ ನಾದವು ಉಳಿದಿರದಿದ್ದರೆ ಜಾರುವುದಕ್ಕೆ ಅರ್ಥವೇ ಇಲ್ಲ. ವೀಣೆಯಲ್ಲಿ ಗಮಕವನ್ನು ಎಳೆದು ನುಡಿಸುವವರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾದುದಿಲ್ಲ. ಅನಂತರ 1940ರ ಸುಮಾರಿನಲ್ಲಿ ಲೆಸ್ ಪಾಲ್ ಎಂಬ ಪ್ರಸಿದ್ಧ ವಾದಕನು ನಾಲ್ಕಂಗುಲ ಚೌಕದ ಪೈನ್ ಮರದ ತೊಲೆಯೊಂದಕ್ಕೆ ತಂತಿಗಳನ್ನು ಬಿಗಿದು, ಕಣ್ಣಿಗೆ ಗಿಟಾರಿನಂತೆ ಕಾಣಲೆಂದು ಅದರ ಎರಡು ಪಕ್ಕಗಳಲ್ಲಿ ಟೊಳ್ಳು ಗಿಟಾರಿನ ಹೋಳುಗಳನ್ನು ಅಂಟಿಸಿದನು. ಇದನ್ನು ದಿಮ್ಮಿಯೆಂದೇ ಕರೆದರು. ಟೊಳ್ಳಾದ ಒಡಲು ತಂತಿಯ ಶಕ್ತಿಯನ್ನು ಬೇಗನೆ ಹೀರಿ ಗಾಳಿಗೆ ಕೊಡುವುದು. ಗಟ್ಟಿ ಮರವು ಹಾಗೆ ಹೀರದು. ನಾದವನ್ನು ದೊಡ್ಡದು ಮಾಡುವ ಕೆಲಸವನ್ನು ವಿದ್ಯುತ್ತಿಗೆ ವಹಿಸಿದ ಮೇಲೆ ಒಡಲಿಗೆ ಶಕ್ತಿಯನ್ನು ಕೊಡುವ ಅಗತ್ಯವೇ ತಪ್ಪಿತು. ಇದು ಮೂಲಧನವನ್ನು ಹೆಚ್ಚಿಸುವ ಉಪಾಯವಲ್ಲ, ಸೋರಿಕೆಯನ್ನು ತಡೆಯುವ ಉಪಾಯ.

ಮುಂದಿನ ಹಂತವು ಒಂದು ಯಂತ್ರದೋಷದಿಂದ ಆರಂಭವಾಯಿತು. 1961ರಲ್ಲಿ ಪ್ರಕಟವಾದ ಮಾರ್ಟಿ ರಾಬಿನ್ಸನ ಹಾಡೊಂದರಲ್ಲಿ ಗ್ರೇಡಿ ಮಾರ್ಟಿನ್ ನುಡಿಸಿದ ಭಾಗವು, ಧ್ವನಿಮುದ್ರಣ ಯಂತ್ರದ ಒಂದು ಅಂಗವು ಕೆಟ್ಟಿದ್ದುದರಿಂದ, ಒಡೆದ ಕರ್ಕಶಧ್ವನಿಯಾಗಿ ಮುದ್ರಿತವಾಯಿತು. ಜನರು ಅದನ್ನು ಮೆಚ್ಚಿದರು. ಮರು ವರ್ಷವೇ, ಎಂದರೆ 1962ರಲ್ಲಿ, ಬೇಕೆಂದೇ ಆ ಒಡಕನ್ನುಂಟುಮಾಡುವ ಮೇಸ್ಟ್ರೊ ಫಜ್‌ಟೋನ್ ಎಂಬ ಪೆಡಲು ಮಾರಾಟಕ್ಕೆ ಬಂದಿತು. ಇದರಿಂದ ಗಿಟಾರು ತುತ್ತೂರಿ ಮೊದಲಾದ ಸುಷಿರವಾದ್ಯಗಳಂತೆ ನುಡಿಯುವುದೆಂದು ಮಾರುವವರು ಸಾರಿದರೆಂಬುದು ಗಮನಾರ್ಹ. ಅನ್ಯವಾದ್ಯದ ವೇಷವನ್ನು ತೊಡುವ ಆಸೆಯು ಸಿಂಥಸೈಜರಿಗಿಂತ ಮೊದಲೇ ಗಿಟಾರಿಗೆ ಹತ್ತಿದ್ದಿತು. 1968ರಲ್ಲಿ ನ್ಯೂಯಾರ್ಕಿನಲ್ಲಿ ಮೈಕ್ ಮ್ಯಾಥ್ಯೂಸ್ ಸ್ಥಾಪಿಸಿದ ಎಲೆಕ್ಟ್ರೋ ಹಾರ್ಮೋನಿಕ್ಸ್ ಸಂಸ್ಥೆಯ ಬಿಗ್ ಮಫ್ ಎಂಬ ಪೆಡಲಿನ ಮೂರು ತಿರುಪುಗಳಲ್ಲಿ ಒಂದಕ್ಕೆ ಸಸ್ಟೇನ್ ಎಂದೇ ಹೆಸರನ್ನಿಟ್ಟರು. ಆದರೆ ಹೆಸರು ಲಕ್ಷಣವಾಗಲಾರದು. ಈ ಪೆಡಲುಗಳು ತಂತಿಯ ಆಯುಸ್ಸಿಗೆ ಒಂದು ಕ್ಷಣವನ್ನೂ ಕೂಡಿಸಲಿಲ್ಲ. ಪ್ರಬಲವಾದ ಧ್ವನಿಯ ಶಿಖರವನ್ನು ಕತ್ತರಿಸಿ, ದುರ್ಬಲವಾದುದನ್ನು ಅದರ ಮಟ್ಟಕ್ಕೆ ಏರಿಸಿ, ಕ್ಷಯವು ಕಿವಿಗೆ ತಿಳಿಯದಂತೆ ಮಾಡಿದುವು. 1970ರ ದಶಕದಲ್ಲಿ ಬಳಕೆಗೆ ಬಂದ ಕಂಪ್ರೆಸರ್ ಪೆಡಲುಗಳೂ ಒಡಕಿಲ್ಲದೆ ಇದೇ ಕೆಲಸವನ್ನು ಮಾಡಿದುವು. ಇದಕ್ಕೆ ಕ್ಷಯಗೋಪನವೆಂಬ ಹೆಸರು ಉಚಿತವಾದೀತು.

ಇದೇ ಕಾಲದಲ್ಲಿ ಬೇರೊಂದು ಮಾರ್ಗವೂ ತೆರೆಯಿತು. ದೊಡ್ಡದು ಮಾಡಿದ ಧ್ವನಿಯು ಗಾಳಿಯ ಮೂಲಕ ಹಿಂದಿರುಗಿ ತಂತಿಯನ್ನು ತಾಗಿದರೆ ತಂತಿಯು ಮತ್ತೆ ಅಲುಗುವುದು. ಆ ಅಲುಗಾಟವು ಮತ್ತೆ ದೊಡ್ಡದಾಗಿ ಮತ್ತೆ ತಂತಿಗೆ ಬರುವುದು. ಫೀಡ್‌ಬ್ಯಾಕ್ ಎಂಬ ಈ ಚಕ್ರವನ್ನು 1964ರ ಬೀಟಲ್ಸರ ಒಂದು ಧ್ವನಿಮುದ್ರಿಕೆಯ ಆರಂಭದಲ್ಲಿಯೇ ಕೇಳಬಹುದು. ಜಿಮಿ ಹೆಂಡ್ರಿಕ್ಸನು 1967ರ ಹೊತ್ತಿಗೆ ಅದನ್ನು ತನ್ನ ಸಂಗೀತದ ಅಂಗವನ್ನಾಗಿಯೇ ಮಾಡಿಕೊಂಡಿದ್ದನು. ಇಲ್ಲಿ ಕ್ಷಯವು ಮರೆಯಾದುದಲ್ಲ. ತಂತಿಗೆ ನಿಜವಾಗಿಯೂ ಅನ್ನವು ದೊರೆತಿತು. ಈ ಎರಡನೆಯದನ್ನು ಪೋಷಣವೆನ್ನಬೇಕು. ಗೋಪನಕ್ಕೂ ಪೋಷಣಕ್ಕೂ ಇರುವ ಭೇದವನ್ನು ಬರಿಯ ಗಿಟಾರಿನವನು ಅಷ್ಟಾಗಿ ಗಣಿಸಬೇಕಾಗಿರಲಿಲ್ಲ, ಏಕೆಂದರೆ ಕೇಳುವವನ ಕಿವಿಗೆ ಎರಡೂ ಒಂದೇ. ಸಿಂಥಸೈಜರು ಬಂದೊಡನೆ ಈ ಭೇದವು ಮುಖ್ಯವಾಯಿತು.

ಸಿಂಥಸೈಜರಿನ ಪರಿಭಾಷೆಯಲ್ಲಿಯೂ ಸಸ್ಟೇನ್ ಎಂಬ ಮಾತುಂಟು. ಕೊಲಂಬಿಯಾ ಪ್ರಿನ್ಸ್‌ಟನ್ ವಿದ್ಯುನ್ಮಾನ ಸಂಗೀತಕೇಂದ್ರದ ವ್ಲಾದಿಮಿರ್ ಉಸಾಚೆವ್‌ಸ್ಕಿಯು 1965ರಲ್ಲಿ ರಾಬರ್ಟ್ ಮೂಗನ ಯಂತ್ರಕ್ಕಾಗಿ ಸೂಚಿಸಿದ ಕ್ರಮದಂತೆ ಒಂದು ಸ್ವರದ ಆಕಾರದಲ್ಲಿ ನಾಲ್ಕು ಅಂಶಗಳಿವೆ: ಏರುವುದು, ಸ್ವಲ್ಪ ಇಳಿಯುವುದು, ನಿಲ್ಲುವುದು, ಬಿಡುವುದು. ಇವುಗಳಲ್ಲಿ ಮೂರನೆಯದಾದ ನಿಲ್ಲುವುದಕ್ಕೇ ಸಸ್ಟೇನ್ ಎಂದು ಹೆಸರು. ಸೂಕ್ಷ್ಮವಾಗಿ ನೋಡಿದರೆ ಉಳಿದ ಮೂರೂ ಕಾಲದ ಅಳತೆಗಳು, ಇದೊಂದು ಮಾತ್ರ ಮಟ್ಟದ ಅಳತೆ. ಸ್ವರವು ಎಷ್ಟು ಹೊತ್ತು ನಿಲ್ಲಬೇಕೆಂದು ತಿರುಪು ಹೇಳುವುದಿಲ್ಲ. ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂದು ಮಾತ್ರ ಹೇಳುವುದು. ಹೊತ್ತನ್ನು ಹೇಳುವುದು ಮನೆಯ ಮೇಲೆ ಒತ್ತಿ ಹಿಡಿದ ಬೆರಳು. ಹಾರ್ಮೋನಿಯಮ್ಮಿನಂತಹ ಮನೆಗಳುಳ್ಳ ವಾದ್ಯದಲ್ಲಿ ಬೆರಳು ಇರುವವರೆಗೂ ಯಂತ್ರಕ್ಕೆ ವಾದಕನ ಇಷ್ಟವು ಪ್ರತ್ಯಕ್ಷ. ಗಿಟಾರಿನಲ್ಲಿ ಈ ಪ್ರತ್ಯಕ್ಷವಿಲ್ಲ. ಅಲ್ಲಿ ಯಂತ್ರವು ಬೆರಳನ್ನು ಕಾಣದು, ತಂತಿಯ ಕಂಪನವನ್ನು ಮಾತ್ರ ಕಾಣುವುದು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಆ ಕಂಪನವೆಂಬ ಲಿಂಗದಿಂದ ವಾದಕನು ಸ್ವರವನ್ನು ಇನ್ನೂ ಹಿಡಿದಿದ್ದಾನೆಂದು ಅನುಮಾನಿಸುವುದು. ಕಂಪನವು ಒಂದು ಗೊತ್ತಾದ ಮಿತಿಗಿಂತ ಕೆಳಗಿಳಿದರೆ, ವಾದಕನ ಬೆರಳು ಮೆಟ್ಟಿಲ ಮೇಲೆ ಭದ್ರವಾಗಿದ್ದರೂ, ಅವನು ಕೈಬಿಟ್ಟನೆಂದೇ ಯಂತ್ರವು ನಿಶ್ಚಯಿಸುವುದು. ಸಿಂಥಸೈಜರಿನ ಸಸ್ಟೇನ್ ತಿರುಪನ್ನು ತುದಿಯವರೆಗೂ ತಿರುಗಿಸಿ ಸ್ವರವು ಬೆಳೆಯಲಿಲ್ಲವೆಂದು ಬೇಸರಪಟ್ಟ ವಾದಕರ ಭ್ರಾಂತಿಗೆ ಕಾರಣವು ಈ ಒಂದೇ ಶಬ್ದದ ಎರಡು ಅರ್ಥಗಳು.

ಮಿತಿಯ ಸಮೀಪದಲ್ಲಿ ಇನ್ನೊಂದು ವಿಪತ್ತೂ ಉಂಟು. ಸ್ವರಸ್ಥಾನವನ್ನು ತಿಳಿಯಬೇಕಾದರೆ ಯಂತ್ರವು ತಂತಿಯ ಒಂದು ಪೂರ್ಣ ಕಂಪನವನ್ನಾದರೂ ಅಳೆಯಬೇಕು. ಗಿಟಾರಿನ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುವುದರಿಂದ ಅಳತೆಗೆ ಕಡೆಯ ಪಕ್ಷ 12 ಮಿಲಿಸೆಕೆಂಡುಗಳು ಹಿಡಿಯುವುವು. ನಾದವು ಕ್ಷೀಣಿಸುವಾಗ ಮೂಲಸ್ವರದ ಬಲಕ್ಕೂ ಉಪಸ್ವರಗಳ ಬಲಕ್ಕೂ ಇರುವ ಪ್ರಮಾಣವು ಬದಲಾಗುತ್ತ, ಪಕ್ಕದ ತಂತಿಗಳ ಅಲುಗಾಟವೂ ವಿದ್ಯುತ್ತಿನ ಗುಂಯ್‌ಕಾರವೂ ಅದರೊಡನೆ ಬೆರೆಯುವುವು. ಆಗ ಯಂತ್ರವು ತಪ್ಪಿ ಮೇಲಿನ ಸ್ಥಾಯಿಗೋ ಕೆಳಗಿನದಕ್ಕೋ ನೆಗೆಯುವುದು. ಬರಿಯ ಗಿಟಾರಿನಲ್ಲಿ ಸ್ವರವು ಸೌಮ್ಯವಾಗಿ ಅಡಗುವ ಜಾಗದಲ್ಲಿ ಇಲ್ಲಿ ಕಪ್ಪೆ ಒದರಿದಂತಹ ಶಬ್ದವಾಗುವುದು. ಯಂತ್ರದ ಸ್ವರವು ಕೊಳಲನ್ನೋ ಪಿಟೀಲನ್ನೋ ಅನುಕರಿಸಿದಷ್ಟೂ ಈ ದೋಷವು ಎದ್ದು ತೋರುವುದು.

1972ರಲ್ಲಿ ಇಕುತಾರೊ ಕಕೆಹಾಶಿಯು ಓಸಾಕಾ ನಗರದಲ್ಲಿ ಸ್ಥಾಪಿಸಿದ ರೋಲೆಂಡ್ ಸಂಸ್ಥೆಯು 1977ರಲ್ಲಿ ಜಿಆರ್ 500 ಎಂಬ ಗಿಟಾರು ಸಿಂಥಸೈಜರನ್ನು ಹೊರತಂದಿತು. ಇದರೊಡನೆ ಬಂದ ಜಿಎಸ್ 500 ಎಂಬ ಗಿಟಾರಿನಲ್ಲಿ ಆರು ತಂತಿಗಳಿಗೆ ಆರು ಪ್ರತ್ಯೇಕ ಗ್ರಾಹಕಗಳಿದ್ದುವೆಂಬುದನ್ನು ಎಲ್ಲರೂ ಹೇಳುವರು. ಅದರಲ್ಲಿದ್ದ ಇನ್ನೊಂದು ಏರ್ಪಾಡಿಗೆ ಸಲ್ಲಬೇಕಾದಷ್ಟು ಗೌರವವು ಸಂದಿಲ್ಲ. ವಿದ್ಯುತ್ಕಾಂತಬಲದಿಂದ ತಂತಿಗಳನ್ನೇ ಚಲನದಲ್ಲಿರಿಸಿ, ವಾದಕನು ಬೆರಳನ್ನು ತೆಗೆಯುವವರೆಗೂ ಅವು ನುಡಿಯುತ್ತಿರುವಂತೆ ಮಾಡುವ ವ್ಯವಸ್ಥೆಯು ಆ ಗಿಟಾರಿನ ಒಡಲಿನಲ್ಲಿಯೇ ಇದ್ದಿತು. ಎಂದರೆ ಅದನ್ನು ರಚಿಸಿದವರು ವ್ಯಾಧಿಯ ಮೂಲವನ್ನು ಮೊದಲೇ ಕಂಡಿದ್ದರು. ಲಿಂಗವು ನಾಶವಾಗದಂತೆ ನೋಡಿಕೊಂಡರೆ ಅನುಮಾನವು ಕೆಡದೆಂಬುದನ್ನು ಅವರು ಅರಿತಿದ್ದರೆಂದು ಹೇಳದೆ ವಿಧಿಯಿಲ್ಲ.

ಅದೇ 1977ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ, ಅಲನ್ ಪರ್ಲ್‌ಮನ್ನನು ಸ್ಥಾಪಿಸಿದ ಆರ್ಪ್ ಸಂಸ್ಥೆಯು ಅವತಾರ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ನಮ್ಮ ಶಬ್ದವೊಂದು ಅಷ್ಟು ದೂರಕ್ಕೆ ಹೋಗಿ ಯಂತ್ರದ ಹೆಸರಾದುದು ಸಂತೋಷವೇ ಸರಿ. ಆದರೆ ಈ ಅವತಾರವು ಫಲಿಸಲಿಲ್ಲ. ಅದು ಏಕಕಾಲದಲ್ಲಿ ಒಂದೇ ಸ್ವರವನ್ನು ನುಡಿಸುವ, ಮನೆಗಳಿಲ್ಲದ ಸಿಂಥಸೈಜರು. ತಂತಿಗೆ ಪೋಷಣವನ್ನು ಕೊಡುವ ಉಪಾಯವಾವುದೂ ಅದರಲ್ಲಿರಲಿಲ್ಲ. ಅದರ ಸಂಶೋಧನೆಗೆ ತಗುಲಿದ ವೆಚ್ಚವು ಮಾರಾಟದಿಂದ ಹಿಂದಕ್ಕೆ ಬರಲಿಲ್ಲ. 1981ರಲ್ಲಿ ಸಂಸ್ಥೆಯೇ ದಿವಾಳಿಯಾಯಿತು. ಇದಕ್ಕೆ ಅನುರಣನದ ಕೊರತೆಯೊಂದೇ ಕಾರಣವೆನ್ನುವುದು ಅತಿವ್ಯಾಪ್ತಿಯಾದೀತು. ಆದರೂ ಗಿಟಾರಿನವನು ನಂಬದ ಯಂತ್ರವನ್ನು ಗಿಟಾರಿನವನಿಗೆ ಮಾರಲು ಹೊರಟುದರ ಫಲವೇನೆಂಬುದಕ್ಕೆ ಇದು ಉದಾಹರಣೆಯಾಗಿದೆ.

ವಿಚಿತ್ರವೇನೆಂದರೆ, ಜಿಎಸ್ 500ರ ಆ ಪೋಷಣವ್ಯವಸ್ಥೆಯನ್ನು ರೋಲೆಂಡಿನವರೇ ಮುಂದುವರಿಸಲಿಲ್ಲ. 1980ರಲ್ಲಿ ಬಂದ ಜಿಆರ್ 300 ಎಂಬ ಯಂತ್ರವು ಹಿಂದಿನದಕ್ಕಿಂತ ಸರಳವೂ ಶೀಘ್ರಗ್ರಾಹಿಯೂ ಆಗಿದ್ದಿತು. ಪ್ಯಾಟ್ ಮೆಥೆನಿಯು 1982ರ ಆಫ್‌ರ‍್ಯಾಂಪ್ ಎಂಬ ಸಂಪುಟದಲ್ಲಿ ಅದನ್ನು ತುತ್ತೂರಿಯಂತೆ ನುಡಿಸಿ ಕೀರ್ತಿಯನ್ನು ಪಡೆದನು. ಆದರೆ ಆ ಯಂತ್ರದ ಆಂದೋಲಕಗಳು ತಂತಿಯು ನುಡಿದಷ್ಟು ಹೊತ್ತು ಮಾತ್ರ ನುಡಿಯುತ್ತಿದ್ದುವು; ತಂತಿಯನ್ನು ನಡೆಸುವ ಏರ್ಪಾಡು ಅದರೊಡನೆ ಬಂದ ಗಿಟಾರುಗಳಲ್ಲಿ ಇರಲಿಲ್ಲ. 1984ರ ಜಿಆರ್ 700ಕ್ಕೆ ಜೊತೆಯಾದ ಜಿ 707 ಎಂಬ ಗಿಟಾರಿನಲ್ಲಿ ಒಡಲಿನಿಂದ ಕತ್ತಿನ ತುದಿಯವರೆಗೆ ಎರಡನೆಯ ಕತ್ತಿನಂತೆ ಒಂದು ಸರಳನ್ನು ಜೋಡಿಸಿದ್ದರು. ನೋಡಿದವರು ಇದನ್ನು ಅಲಂಕಾರವೆಂದು ಭಾವಿಸಿದರು. ಅದು ಅಲಂಕಾರವಲ್ಲ. ಗಿಟಾರಿನ ಕತ್ತಿಗೆ ತನ್ನದೇ ಆದ ಕಂಪನವೊಂದಿದ್ದು, ತಂತಿಯ ಸ್ವರವು ಅದರೊಡನೆ ಕೂಡುವ ಸ್ಥಾನಗಳಲ್ಲಿ ಶಕ್ತಿಯು ಕತ್ತಿಗೆ ಹರಿದು ನಾದವು ಬೇಗ ಸಾಯುವುದು. ಆ ಮೃತಸ್ಥಾನಗಳನ್ನು ಕಡಮೆ ಮಾಡುವುದೇ ಸರಳಿನ ಉದ್ದೇಶ. ಲೆಸ್ ಪಾಲನು ದಿಮ್ಮಿಯಿಂದ ಮಾಡಿದುದನ್ನೇ, ಸೋರಿಕೆಯನ್ನು ತಡೆಯುವುದನ್ನೇ, ಇವರು ನಾಲ್ಕು ದಶಕಗಳ ಬಳಿಕ ಉಕ್ತಿಭೇದದಿಂದ ಮತ್ತೆ ಮಾಡಿದರು. ಪೋಷಣವನ್ನು ಕೈಬಿಟ್ಟು ರಕ್ಷಣಕ್ಕೆ ಹಿಂದಿರುಗಿದುದು ಹಿಂದಡಿಯೇ ಹೊರತು ಮುಂದಡಿಯಲ್ಲ.

ಈ ಮಧ್ಯೆ ಸಿಂಥಸೈಜರಿನ ಹೊರಗೆ ಪೋಷಣಮಾರ್ಗವು ಬೆಳೆಯುತ್ತಲೇ ಇದ್ದಿತು. ಗ್ರೆಗ್ ಹೀಟ್ ಎಂಬವನ ಈಬೋ ಎಂಬ ಕೈಯುಪಕರಣವು 1976ರಲ್ಲಿ ಜನರ ಮುಂದೆ ಬಂದು 1978ರಲ್ಲಿ ಹಕ್ಕುಪತ್ರವನ್ನು ಪಡೆಯಿತು. ಅದರ ಒಂದು ಸುರುಳಿಯು ತಂತಿಯ ಕಂಪನವನ್ನು ಗ್ರಹಿಸುವುದು, ಇನ್ನೊಂದು ಸುರುಳಿಯು ಅದೇ ಕಂಪನವನ್ನು ಬಲಪಡಿಸಿ ತಂತಿಗೆ ಹಿಂದಿರುಗಿಸುವುದು. ಇದು ಕೂದಲಿಲ್ಲದ ಕಮಾನು. ಒಂದು ಸಲಕ್ಕೆ ಒಂದೇ ತಂತಿಯನ್ನು ನಡೆಸುವುದೂ, ಬಲಗೈಯನ್ನು ಪೂರ್ತಿಯಾಗಿ ಆಕ್ರಮಿಸಿಕೊಳ್ಳುವುದೂ ಇದರ ಕೊರತೆಗಳು. ಕೆನಡಾ ದೇಶದ ಮೈಕೆಲ್ ಬ್ರೂಕನು ಇದೇ ತತ್ತ್ವವನ್ನು ಗಿಟಾರಿನ ಒಳಗೇ ಅಡಗಿಸಿ ಅನಂತ ಗಿಟಾರೆಂಬ ಅರ್ಥದ ಹೆಸರನ್ನಿಟ್ಟನು. 1987ರಲ್ಲಿ ಯು ಟೂ ತಂಡದ ಪ್ರಸಿದ್ಧ ಗೀತವೊಂದರಲ್ಲಿ ಅದರ ದೀರ್ಘಸ್ವರಗಳು ಲೋಕಕ್ಕೆಲ್ಲ ಕೇಳಿಸಿದುವು. ಇದೇ ಬ್ರೂಕನು 1995ರಲ್ಲಿ, ವಿದ್ಯುನ್ಮ್ಯಾಂಡೊಲಿನ್ನಿನಲ್ಲಿ ಕರ್ಣಾಟಕ ಸಂಗೀತವನ್ನು ನುಡಿಸಿದ ಯು. ಶ್ರೀನಿವಾಸರೊಡನೆ ಡ್ರೀಮ್ ಎಂಬ ಸಂಪುಟವನ್ನು ಪ್ರಕಟಿಸಿದುದು ಕೇವಲ ಕಾಕತಾಳೀಯವಲ್ಲ. ಮ್ಯಾಂಡೊಲಿನ್ನಿನ ತುಂಡು ನಾದದಿಂದ ಗಮಕವನ್ನು ಬಿಡಿಸುವ ಕಷ್ಟವು ಶ್ರೀನಿವಾಸರನ್ನು ವಿದ್ಯುದ್ವಾದ್ಯದ ಕಡೆಗೆ ತಿರುಗಿಸಿದ್ದಿತು; ಇಬ್ಬರೂ ಒಂದೇ ಪ್ರಶ್ನೆಗೆ ಎರಡು ಕಡೆಗಳಿಂದ ಬಂದವರು. ವೀಣೆಯನ್ನು ಎಸ್. ರಾಮನಾಥನ್ ಅವರಲ್ಲಿ ಅಭ್ಯಾಸಮಾಡಿದ ಜಾನ್ ಮ್ಯಾಕ್‌ಲಾಫ್ಲಿನ್ನನೂ ಶಕ್ತಿ ತಂಡದ ಕಾಲದಲ್ಲಿ ಗಿಟಾರಿನ ನಾದರಂಧ್ರದ ಮೇಲೆ ಅಡ್ಡಲಾಗಿ ಅನುರಣನದ ತಂತಿಗಳನ್ನು ಕಟ್ಟಿಸಿಕೊಂಡಿದ್ದನು.

ಇತ್ತೀಚಿನ ಪೆಡಲುಗಳ ಕಾಲಕ್ಕೆ ಬಂದರೆ ಮೂರನೆಯ ಮಾರ್ಗವೊಂದು ಗೋಚರವಾಗುವುದು. ಎಲೆಕ್ಟ್ರೋ ಹಾರ್ಮೋನಿಕ್ಸಿನವರು 2010ರಲ್ಲಿ ತಂದ ಫ್ರೀಜ್ ಎಂಬ ಪೆಡಲು, ಕಾಲಿನಿಂದ ಒತ್ತಿದ ಕ್ಷಣದ ನಾದವನ್ನು ನೆನಪಿನಲ್ಲಿ ಹಿಡಿದು, ಕಾಲನ್ನು ಎತ್ತುವವರೆಗೂ ನುಡಿಯಿಸುತ್ತಿರುವುದು. 2012ರ ಸೂಪರ್ ಈಗೋ ಎಂಬುದು ಪ್ರತಿಯೊಂದು ಮೀಟನ್ನೂ ತಾನೇ ಗುರುತಿಸಿ ಹೀಗೆ ಹಿಡಿಯಬಲ್ಲುದು. ವಿಶೇಷ ಗ್ರಾಹಕದ ಅಗತ್ಯವಿಲ್ಲದೆ ಸಾಮಾನ್ಯ ಗಿಟಾರಿನಿಂದಲೇ ಸಿಂಥಸೈಜರ್ ಧ್ವನಿಗಳನ್ನು ಹೊರಡಿಸುವ, 2019ರ ಬಾಸ್ ಎಸ್‌ವೈ 1 ಎಂಬ ಸಣ್ಣ ಪೆಡಲಿನಲ್ಲಿಯೂ ಹೊರಗಿನಿಂದ ಒಂದು ಕಾಲ್ಗುಂಡಿಯನ್ನು ಜೋಡಿಸಿ ಸ್ವರವನ್ನು ಹಿಡಿದು ನಿಲ್ಲಿಸಬಹುದು. ಇಲ್ಲಿ ತಂತಿಯು ಸತ್ತರೂ ಸ್ವರವು ಸಾಯದು. ಇದನ್ನು ಧಾರಣವೆನ್ನಬಹುದು, ಬೆರಳಿನ ಪ್ರತ್ಯಕ್ಷವು ಇಲ್ಲದ ಕಡೆಯಲ್ಲಿ ಕಾಲಿನ ಪ್ರತ್ಯಕ್ಷವನ್ನು ಒದಗಿಸಿದ ಈ ಉಪಾಯವು ಜಾಣತನದ್ದೇ ಹೌದು. ಶ್ರುತಿಯನ್ನಿಟ್ಟುಕೊಂಡು ಅದರ ಮೇಲೆ ಬೇರೆ ಸ್ವರಗಳನ್ನು ನುಡಿಸುವವರಿಗೆ ಇದಕ್ಕಿಂತ ಉತ್ತಮವಾದುದು ಬೇಡ.

ಆದರೆ ಹಿಡಿದಿಟ್ಟ ಸ್ವರವು ಚಿತ್ರದಲ್ಲಿ ಬರೆದ ದೀಪದಂತೆ. ಹಿಡಿದ ಬಳಿಕ ವಾದಕನು ತಂತಿಯನ್ನು ಎಳೆದರೂ ಅಲುಗಿಸಿದರೂ ಆ ಸ್ವರವು ಏರದು, ನಡುಗದು. ಅನುರಣನವನ್ನು ಬಯಸಿದುದು ಅದರೊಳಗೆ ಗಮಕವನ್ನು ತುಂಬುವುದಕ್ಕಾದರೆ, ಧಾರಣವು ಪಾತ್ರೆಯನ್ನು ಕೊಟ್ಟು ಬಾಯನ್ನು ಮುಚ್ಚಿದಂತಾಯಿತು. ಬೆಂಗಳೂರಿನ ರ‍್ಯಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು 2002ರಲ್ಲಿ ಡಿಜಿಟಲ್ ವೀಣೆಯನ್ನು ರಚಿಸಿದಾಗಲೂ, ಎಳೆಯುವುದಕ್ಕೆ ತಂತಿಗಳನ್ನೂ ಮೆಟ್ಟಿಲುಗಳನ್ನೂ ಉಳಿಸಿಕೊಂಡೇ ಇದ್ದರೆಂಬುದು ಇಲ್ಲಿ ಸ್ಮರಣೀಯ. ಗೋಪನವು ಈ ದೋಷದಿಂದ ಮುಕ್ತವಾಗಿದೆ. ಸಿಂಥಸೈಜರ್ ಪೆಡಲಿನ ಮುಂದೆ, ಎಂದರೆ ಗಿಟಾರಿಗೂ ಪೆಡಲಿಗೂ ನಡುವೆ, ಕಂಪ್ರೆಸರನ್ನು ಇಟ್ಟರೆ ಯಂತ್ರವು ಕಾಣುವ ಕಂಪನವು ಮಿತಿಯ ಮೇಲೆ ಇನ್ನಷ್ಟು ಹೊತ್ತು ನಿಲ್ಲುವುದು. ಅದನ್ನೇ ಪೆಡಲಿನ ಹಿಂದೆ ಇಟ್ಟರೆ ಯಂತ್ರವು ಆಗಲೇ ಕೈಬಿಟ್ಟ ಸ್ವರವನ್ನು ಯಾರೂ ಎಬ್ಬಿಸಲಾರರು. ಈ ಕ್ರಮವನ್ನು ತಿಳಿಯದೆ ಕಂಪ್ರೆಸರನ್ನು ದೂರಿದವರುಂಟು. ಆದರೆ ಗೋಪನಕ್ಕೂ ಎಲ್ಲೆಯುಂಟು. ದುರ್ಬಲ ಕಂಪನವನ್ನು ಎತ್ತಿದಂತೆಲ್ಲ ಅದರೊಡನೆ ಗುಂಯ್‌ಕಾರವೂ ಎದ್ದುಬಂದು, ಯಂತ್ರವನ್ನು ಮತ್ತೆ ತಪ್ಪುದಾರಿಗೆ ಎಳೆಯುವುದು. ತಂತಿಯು ನಿಜವಾಗಿ ನುಡಿಯುತ್ತಿದ್ದರೆ ಯಂತ್ರಕ್ಕೆ ಈ ಸಂಶಯವೇ ಹುಟ್ಟದು. ಎಳೆದರೆ ಏರುವುದು, ಬಿಟ್ಟರೆ ಇಳಿಯುವುದು, ಬೆರಳು ಮೇಲೆದ್ದರೆ ನಿಲ್ಲುವುದು. ಗೋಪನ, ಧಾರಣ, ಪೋಷಣ ಈ ಮೂರರಲ್ಲಿ ಪೋಷಣವೇ ಪ್ರಧಾನವೆಂದು ಹೇಳುವುದಕ್ಕೆ ಇದೇ ಆಧಾರ.

2008ರಲ್ಲಿ, ರಾಬರ್ಟ್ ಮೂಗನು ತೀರಿಕೊಂಡ ಮೂರು ವರ್ಷಗಳ ಬಳಿಕ, ಅವನ ಹೆಸರಿನ ಸಂಸ್ಥೆಯು ಪಾಲ್ ವೋ ಎಂಬವನು ಕಲ್ಪಿಸಿದ ಮೂಗ್ ಗಿಟಾರನ್ನು ಹೊರತಂದಿತು. ಸಿಂಥಸೈಜರಿಗೆ ಪರ್ಯಾಯವೆನಿಸಿದ ಹೆಸರನ್ನು ಹೊತ್ತ ಆ ವಾದ್ಯದಲ್ಲಿ ಸ್ವರವನ್ನು ಹುಟ್ಟಿಸುವ ಆಂದೋಲಕವೊಂದೂ ಇರಲಿಲ್ಲ. ಅದು ಆರು ತಂತಿಗಳಿಗೂ ವಿದ್ಯುತ್ಕಾಂತಬಲದಿಂದ ಶಕ್ತಿಯನ್ನು ಕೊಟ್ಟು ಎಷ್ಟು ಹೊತ್ತು ಬೇಕಾದರೂ ನುಡಿಯಿಸುತ್ತಿದ್ದಿತು. ವಾದಕನು ಬಯಸಿದರೆ ಅದೇ ಬಲವನ್ನು ತಿರುಗುಮುರುಗು ಮಾಡಿ ತಂತಿಯಿಂದ ಶಕ್ತಿಯನ್ನು ಹಿಂದಕ್ಕೆ ಸೆಳೆದು ನಾದವನ್ನು ಮೊಟಕುಮಾಡುತ್ತಲೂ ಇದ್ದಿತು. ಜಿಎಸ್ 500ರ ಒಡಲಿನಲ್ಲಿ ಆ ಉಪಾಯವು ಮೊದಲು ಅಡಗಿ ಕುಳಿತು ಆಗ ಮೂವತ್ತೊಂದು ವರ್ಷಗಳಾಗಿದ್ದುವು.